ನಿನ್ನ ಉಪ್ಪನಿಗೆ ಹೇಳು

ಮದುವೆಯಾಗಿ ಹನ್ನೆರಡು ವರ್ಷ ಕಳೆದರೂ ನನ್ನ ಹೆಂಡತಿಯ ತಾಯಿ ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ನಮ್ಮೊಳಗೆ ಜಗಳ ಇತ್ತೆಂದು ತಿಳಿಯಬೇಡಿ. ಕರಾವಳಿಯ ಮುಸ್ಲಿಮರಾದ ನಮ್ಮ ಬ್ಯಾರಿ ಮನೆಗಳ ಹಳೆಯ ಹೆಂಗಸರಲ್ಲಿ ಕೆಲವರು ಹಾಗೆಯೇ. ಅಳಿಯನ ಎದುರು ಬಂದು ಕೂರುವುದಿಲ್ಲ, ಅವನ ಮುಖ ನೋಡಿ ಮಾತಾಡುವುದಿಲ್ಲ. ಅದು ಅಳಿಯನಿಗೆ ಕೊಡುವ ಮರ್ಯಾದೆ. ಈಗಿನ ಅತ್ತೆಯಂದಿರು ಅಳಿಯನ ಹೆಗಲಿಗೆ ಹೆಗಲು ತಾಗಿಸಿ ಸೆಲ್ಫಿ ತೆಗೆಯುತ್ತಾರೆ, ಆ ಮಾತು ಬೇರೆ. ನನ್ನ ಮಾಮಿ, ಅಂದರೆ ಅತ್ತೆ, ಈಗಿನವರಲ್ಲ. ಕೋಳಿ ಸಾರು ಮಾಡಿದ ದಿನ ಒಳ್ಳೆಯ ತುಂಡು ನನ್ನ ಬಟ್ಟಲಿಗೇ ಬೀಳುತ್ತಿತ್ತು, ಆದರೆ ಬಡಿಸಿದವರು ಯಾರೆಂದು ತಲೆ ಎತ್ತಿ ನೋಡುವಷ್ಟರಲ್ಲಿ ಬಾಗಿಲ ಪರದೆ ಮಾತ್ರ ಅಲ್ಲಾಡುತ್ತಿತ್ತು.

ಹಾಗಾದರೆ ಮಾತು ನಡೆಯುವುದು ಹೇಗೆ? ನಡುವೆ ಒಬ್ಬರು ಬೇಕು. ಹೆಂಡತಿ ಇದ್ದಷ್ಟು ದಿನ ಆ ಕೆಲಸ ಅವಳದ್ದಾಗಿತ್ತು. ನಾಲ್ಕು ವರ್ಷಗಳ ಹಿಂದೆ ಅವಳು ತೀರಿಕೊಂಡ ಮೇಲೆ ಅದು ಮಗಳ ಪಾಲಿಗೆ ಬಂತು. ಆಗ ಮಗಳಿಗೆ ಐದು ವರ್ಷ. "ಚಾ ಆಯ್ತು ಅಂತ ನಿನ್ನ ಉಪ್ಪನಿಗೆ ಹೇಳು" ಎಂದು ಒಳಗಿನಿಂದ ದನಿ ಬರುತ್ತದೆ. ಅಪ್ಪನನ್ನು ನಾವು ಉಪ್ಪ ಎನ್ನುತ್ತೇವೆ, ಅಮ್ಮನನ್ನು ಉಮ್ಮ. ನಾನು ಕೂತ ಜಾಗಕ್ಕೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಆದರೂ ಕಿವಿಯಿಲ್ಲದವನಂತೆ ಕೂತಿರಬೇಕು. ಮಗಳು ಬಂದು "ಉಪ್ಪಾ, ಚಾ ಆಯ್ತಂತೆ" ಅಂದ ಮೇಲೆಯೇ ಏಳಬೇಕು. ಇಂಥ ಸಣ್ಣ ಮಾತುಗಳು ಗಟ್ಟಿ ದನಿಯಲ್ಲಿ ಬರುತ್ತಿದ್ದವು. ದೊಡ್ಡ ಮಾತುಗಳು ಅಡುಗೆಮನೆಯಲ್ಲಿಯೇ ತಗ್ಗಿದ ದನಿಯಲ್ಲಿ ಮಗುವಿನ ಕಿವಿಗೆ ಬಿದ್ದು, ನಡುಕೋಣೆ ದಾಟಿ, ಹೊರಗಿನ ನನ್ನ ಕೋಣೆಗೆ ತಲುಪುತ್ತಿದ್ದವು. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಇಲ್ಲಿ ಅದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಮನೆ ನರಿಕೊಂಬಿನಲ್ಲಿ, ಹೊಳೆಯ ಹತ್ತಿರ. ಅದು ಮಾಮಿಯ ಮನೆ. ಮದುವೆಯಾದಾಗ ಹೊರಗಿನ ಕೋಣೆಗೆ ಬಣ್ಣ ಬಳಿಸಿ ನನಗೆ ಬಿಟ್ಟುಕೊಟ್ಟಿದ್ದರು. ನಾನು ಗಲ್ಫಿನಲ್ಲಿ ಎಸಿ ಮೆಕ್ಯಾನಿಕ್, ವರ್ಷಕ್ಕೊಮ್ಮೆ ಬಂದು ಆ ಕೋಣೆಯಲ್ಲಿ ಅತಿಥಿಯಂತೆ ಇದ್ದು ಹೋಗುತ್ತಿದ್ದೆ. ಹೆಂಡತಿಗೆ ಜ್ವರ ಬಂದದ್ದು, ಅದು ಎದೆಗೆ ಇಳಿದದ್ದು, ಮಂಗಳೂರಿಗೆ ಕರೆದುಕೊಂಡು ಹೋದದ್ದು, ಎಲ್ಲವೂ ನನಗೆ ಫೋನಿನಲ್ಲಿ ಬಂದ ಸುದ್ದಿ. ನಾನು ವಿಮಾನ ಇಳಿಯುವಾಗ ಮಣ್ಣು ಮಾಡಿ ಆಗಿತ್ತು. ಮನೆಗೆ ಬಂದರೆ ಮಗಳು ಅಜ್ಜಿಯ ಹಿಂದೆ ಅಡಗಿ "ಇವರು ಯಾರು?" ಎಂದು ಕೇಳಿದಳು. ಆ ಪ್ರಶ್ನೆ ಕೇಳಿದ ಮೇಲೆ ನಾನು ಪುನಃ ಗಲ್ಫಿಗೆ ಹೋಗಲಿಲ್ಲ.

ಬಂಟ್ವಾಳ ಪೇಟೆಯ ಒಂದು ಫ್ರಿಡ್ಜ್ ರಿಪೇರಿ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಹಿಡಿದೆ. ಬೆಳಿಗ್ಗೆ ಮಗಳು ಮದ್ರಸದಿಂದ ಬಂದ ಮೇಲೆ ಅವಳ ಜಡೆ ಹಾಕುವುದು, ಶಾಲೆಗೆ ಬಿಡುವುದು, ಮಧ್ಯಾಹ್ನದವರೆಗೆ ಅಂಗಡಿ, ಮೂರೂಮುಕ್ಕಾಲಿಗೆ ಶಾಲೆಯ ಗೇಟು. ಆ ಗೇಟಿನ ಎದುರು ದಿನಾ ನಿಲ್ಲುವ ಗಡ್ಡದವನು ನಾನೊಬ್ಬನೇ. ಉಳಿದವರೆಲ್ಲ ತಾಯಂದಿರು ಮತ್ತು ಆಟೊದವರು. ಮೊದಲ ವರ್ಷ ಅವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಗಂಡಸು ಹಗಲಿಗೆ ಗಲ್ಫಿನಲ್ಲಿರಬೇಕು, ಇಲ್ಲವೇ ಅಂಗಡಿಯಲ್ಲಿರಬೇಕು. ಬಟ್ಟೆ ಒಣಗಿಸುವ ತಂತಿಯ ಹತ್ತಿರ ಕಂಡರೆ ಏನೋ ಒಂದು ಉಂಟು ಎಂದೇ ನಮ್ಮ ಊರಿನ ಲೆಕ್ಕ. ಹೆಂಡತಿಯೇ ಇಲ್ಲದ ಹೆಂಡತಿಮನೆಯಲ್ಲಿ ಅಳಿಯನಿಗೆ ಎಂತ ಕೆಲಸ ಎಂದು ನನ್ನ ಎದುರು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ನನಗೆ ಹೆಚ್ಚು ಅನುಮಾನ.

ಅನುಮಾನ ನನ್ನ ಹುಟ್ಟುಗುಣ, ಕೆಲಸವೂ ಅದಕ್ಕೆ ಸರಿಯಾಗಿ ಸಿಕ್ಕಿತು. ಕಂಪ್ರೆಸರ್ ಸರಿ ಉಂಟು, ಗ್ಯಾಸ್ ತುಂಬಿಸಿ ಆಗಿದೆ, ಆದರೂ ತಂಪಾಗುವುದಿಲ್ಲ ಎಂದಾದರೆ ಎಲ್ಲೋ ಸೋರುತ್ತಿದೆ. ಪೈಪಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗವನ್ನು ಹುಡುಕುತ್ತೇವೆ. ಇಪ್ಪತ್ತು ವರ್ಷ ಅದನ್ನೇ ಮಾಡಿದ ನನಗೆ ಮನುಷ್ಯರನ್ನು ಕಂಡರೂ ಮೊದಲು ನೊರೆ ಹಚ್ಚುವ ಚಟ.

ಈ ವರ್ಷ ಮಳೆ ಬಿಟ್ಟ ಸಮಯದಲ್ಲಿ ಅಂಗಡಿಯ ಯಜಮಾನರು ನನ್ನನ್ನು ಕರೆದರು. ಅವರು ನೆರಿಯದ ಕಡೆಯವರು, ರಬ್ಬರ್ ತೋಟದ ಮನೆಯಿಂದ ಬಂದು ಇಲ್ಲಿ ಅಂಗಡಿ ಹಾಕಿದವರು. ಒಳ್ಳೆಯವರೇ.

"ನಿಮಗೊಂದು ಕೆಲಸ ಉಂಟು ಮಾರಾಯ್ರೆ" ಅಂದರು. "ಬೆಳ್ತಂಗಡಿಯಲ್ಲಿ ಹೊಸ ಆಸ್ಪತ್ರೆ ಕಟ್ಟಿದ್ದಾರಲ್ಲ, ಅಲ್ಲಿಯ ಮ್ಯಾನೇಜರ್ ನನ್ನ ಗುರ್ತದವರು. ಇಡೀ ಬಿಲ್ಡಿಂಗಿನ ಎಸಿ ನೋಡಿಕೊಳ್ಳಲಿಕ್ಕೆ ಅನುಭವದ ಜನ ಬೇಕಂತೆ. ನಾನು ನಿಮ್ಮ ಹೆಸರು ಹೇಳಿದ್ದೇನೆ."

"ನನ್ನ ಹೆಸರು ಎಂತಕ್ಕೆ ಹೇಳಿದ್ರಿ?"

"ಮತ್ತೆ ಯಾರದ್ದು ಹೇಳುವುದು? ಗಲ್ಫಿನಲ್ಲಿ ದೊಡ್ಡ ದೊಡ್ಡ ಪ್ಲಾಂಟ್ ನೋಡಿದವರು ಇಲ್ಲಿ ಕೂತು ಹಳೇ ಫ್ರಿಡ್ಜಿನ ಬಾಗಿಲಿಗೆ ರಬ್ಬರ್ ಹಾಕುವುದು ಸರಿಯಾ?"

ಒಳ್ಳೆಯ ಮಾತೇ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ನನ್ನನ್ನು ಕಳಿಸಿ ನನ್ನ ಜಾಗಕ್ಕೆ ಯಾರನ್ನು ತರುತ್ತಾರೆ, ನನ್ನ ಕೆಲಸದಲ್ಲಿ ಏನು ತಪ್ಪು ಕಂಡರು, ಎಂದು ಎರಡು ದಿನ ಅವರ ಮುಖವನ್ನೇ ನೋಡಿದೆ. ಗುಳ್ಳೆ ಏಳಲಿಲ್ಲ. ಬೆಳ್ತಂಗಡಿಗೆ ಹೋಗಿ ಮ್ಯಾನೇಜರನ್ನೂ ಕಂಡು ಬಂದೆ. ಬೆಳಿಗ್ಗೆ ಎಂಟರಿಂದ ಸಂಜೆ ಆರು, ವಾರಕ್ಕೆ ಆರು ದಿನ. ಬೇಕಾದರೆ ಕಟ್ಟಡದ ಹಿಂದೆ ಇರಲಿಕ್ಕೆ ಒಂದು ರೂಮು. ಹದಿನೈದು ದಿನದ ಒಳಗೆ ಉತ್ತರ ಕೊಡಿ ಅಂದರು. ಗುಂಯ್ಗುಡುವ ಆ ದೊಡ್ಡ ಯಂತ್ರಗಳನ್ನು ಕಂಡಾಗ ನನ್ನ ಕೈ ತುರಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ನನಗೆ ಆ ಕೆಲಸ ಬೇಕಿತ್ತು. ನಲವತ್ತೆರಡನೇ ವಯಸ್ಸಿನಲ್ಲಿ ಅರ್ಧ ದಿನದ ಮನುಷ್ಯನಾಗಿ ಉಳಿಯುವುದು ನನಗೆ ಸಾಕಾಗಿತ್ತು.

ಆದರೆ ಗಂಟೆಗಳ ಲೆಕ್ಕ ಹಾಕಿ ನೋಡಿದೆ. ರಸ್ತೆ ಅಗಲ ಮಾಡುವ ಕೆಲಸ ಮುಗಿಯದ ಆ ದಾರಿಯಲ್ಲಿ ಎಂಟಕ್ಕೆ ಬೆಳ್ತಂಗಡಿ ಮುಟ್ಟಬೇಕಾದರೆ ಆರೂವರೆಗೆ ಮನೆ ಬಿಡಬೇಕು. ಆಗ ಮಗಳು ಮದ್ರಸದಲ್ಲಿ. ತಿರುಗಿ ಬರುವಾಗ ಏಳೂವರೆ. ನಡುವಿನ ಹೊತ್ತೆಲ್ಲ ಅವಳು ಮಾಮಿಯ ಪಾಲು. ಹೀಗೆ ಒಂದು ವರ್ಷ ಹೋದರೆ ಸಾಕು, ನಾನು ಪುನಃ ಹೊರಗಿನ ಕೋಣೆಯ ನೆಂಟ. ಮಗು ಅಜ್ಜಿಯದ್ದು, ಮನೆ ಅಜ್ಜಿಯದ್ದು. ಮಗಳನ್ನು ಕಳಕೊಂಡ ಹೆಂಗಸಿಗೆ ಮೊಮ್ಮಗಳನ್ನು ಪೂರ್ತಿಯಾಗಿ ತನ್ನವಳಾಗಿ ಮಾಡಿಕೊಳ್ಳುವ ಆಸೆ ಇರುವುದಿಲ್ಲವೆ? ನಾನು ಅವರ ಜಾಗದಲ್ಲಿದ್ದರೆ ನನಗಂತೂ ಇರುತ್ತಿತ್ತು.

ಆದರೂ ಕೇಳದೆ ವಿಧಿಯಿಲ್ಲ. ಒಂದು ಸಂಜೆ ಮಗಳನ್ನು ಕೂರಿಸಿ ಹೇಳಿದೆ: "ಅಜ್ಜಿಗೆ ಹೇಳು. ಬೆಳ್ತಂಗಡಿಯಲ್ಲಿ ಪೂರ್ತಿ ದಿನದ ಕೆಲಸ ಬಂದಿದೆ. ಶಾಲೆ ಬಿಟ್ಟ ಮೇಲೆ ನಿನ್ನನ್ನು ನೋಡಿಕೊಳ್ಳಲಿಕ್ಕೆ ಅವರಿಂದ ಆಗ್ತದಾ ಅಂತ ಕೇಳು."

ಅವಳು ಒಳಗೆ ಹೋದಳು. ಒಂದು ಚಾ ಕುದಿಯುವಷ್ಟು ಹೊತ್ತು ಬರಲಿಲ್ಲ. ಬಂದು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತಳು.

"ಅಜ್ಜಿ ಹೇಳಿದ್ರು, ನಿಮ್ಮ ಇಷ್ಟ ಅಂತೆ."

ನಿಮ್ಮ ಇಷ್ಟ. ಇದಕ್ಕಿಂತ ಕೆಟ್ಟ ಉತ್ತರ ನಮ್ಮ ಮನೆಗಳಲ್ಲಿ ಇಲ್ಲ. ಬೇಡ ಎಂದರೆ ಕಾರಣ ಕೇಳಬಹುದು, ಆಗಲಿ ಎಂದರೆ ಹೊರಡಬಹುದು. ನಿಮ್ಮ ಇಷ್ಟ ಎಂದವರು ಹೊಟ್ಟೆಯಲ್ಲಿ ಏನನ್ನೋ ಇಟ್ಟುಕೊಂಡೇ ಹೇಳಿರುತ್ತಾರೆ. ಮರುದಿನ ಪುನಃ ಕೇಳಿಸಿದೆ. "ಅಜ್ಜಿಗೆ ಮೊಣಕಾಲು ನೋವು ಜಾಸ್ತಿಯಂತೆ. ಮಕ್ಕಳ ಹಿಂದೆ ಓಡ್ಲಿಕ್ಕೆ ಆಗುವುದಿಲ್ಲಂತೆ" ಎಂದು ಮಗಳು ವರದಿ ತಂದಳು. ಒಪ್ಪಬಹುದಿತ್ತು. ಆದರೆ ಅದೇ ಮಧ್ಯಾಹ್ನ ನಾನು ಅಂಗಳದಲ್ಲಿ ಮುಖ ತೊಳೆಯುವಾಗ ಕಿಟಕಿಯಲ್ಲಿ ಕಂಡದ್ದು ಬೇರೆ. ಮೊಣಕಾಲು ನೋವಿನ ಮಾಮಿ ಸ್ಟೂಲಿನ ಮೇಲೆ ಹತ್ತಿ ಅಟ್ಟದಿಂದ ಏನನ್ನೋ ಎಳೆಯುತ್ತಿದ್ದರು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಿಜ. ಆದರೆ ಹಳದಿಯಾಗಿರುವುದೂ ಹಳದಿಯಾಗಿಯೇ ಕಾಣುತ್ತದೆಯಲ್ಲ? ಆ ವಾರ ನಾನು ಕಂಡದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನಿಸಿ. ನನ್ನ ಕೋಣೆಯ ಕಪಾಟಿನಲ್ಲಿದ್ದ ಮಗಳ ಬಟ್ಟೆಗಳು ಒಂದೊಂದಾಗಿ ಮಾಯವಾದವು. ಹುಡುಕಿದರೆ ಮಾಮಿಯ ಕೋಣೆಯಲ್ಲಿ, ಹರಿದದ್ದು ಹೊಲಿದು, ಇಸ್ತ್ರಿ ಹಾಕಿ, ಮಡಚಿ ಇಟ್ಟಿದ್ದವು. ಒಂದು ಬೆಳಿಗ್ಗೆ ನಾನು ಬಾಚಣಿಗೆ ಹಿಡಿದು ಕರೆದಾಗ ಮಗಳು ತಾನೇ ಜಡೆ ಹಾಕಿಕೊಂಡು ಬಂದಳು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. "ಅಜ್ಜಿ ಕಲಿಸಿದ್ರು" ಅಂದಳು. ತಂತಿ ಸುಲಿದು ಒರಟಾದ ಈ ಬೆರಳಿಗೆ ಜಡೆ ಹಾಕುವುದನ್ನು ಕಲಿಸಲು ನಾನು ಆರು ತಿಂಗಳು ತೆಗೆದುಕೊಂಡಿದ್ದೆ. ನನ್ನನ್ನು ಒಂದು ಮಾತು ಕೇಳದೆ ಆ ಕೆಲಸವನ್ನು ನನ್ನ ಕೈಯಿಂದ ತೆಗೆದುಬಿಟ್ಟರು. ಇನ್ನೊಂದು ದಿನ ಒಂಬತ್ತು ವರ್ಷದ ಹುಡುಗಿ ನನಗೆ ಚಾ ಮಾಡಿ ತಂದಳು. ಅದೂ ಅಜ್ಜಿಯೇ ಕಲಿಸಿದ್ದು. ಇದಕ್ಕೆಲ್ಲ ಕಳಸ ಇಟ್ಟಂತೆ ಮಾಮಿಯ ಮಂಚದ ಕೆಳಗೆ ಹೊಸದೊಂದು ಬ್ಯಾಗು ಕಂಡಿತು, ಕಪ್ಪು ಬಣ್ಣದ್ದು, ಬೀಗ ಹಾಕುವಂಥದ್ದು.

"ಆ ಬ್ಯಾಗು ಯಾರಿಗೆ ಅಂತ ಅಜ್ಜಿಯ ಹತ್ರ ಕೇಳು" ಎಂದೆ.

ಮಗಳು ಹೋಗಿ ಬಂದಳು. "ಯಾವ ಬ್ಯಾಗಂತೆ?"

ಸುಳ್ಳು! ಬ್ಯಾಗು ಅಲ್ಲೇ ಇದೆ, ನನ್ನ ಕಣ್ಣಾರೆ ಕಂಡಿದ್ದೇನೆ. ಮಗುವನ್ನು ನನ್ನಿಂದ ಬಿಡಿಸಿ ಆಯಿತು, ಇನ್ನು ನನ್ನ ಅಂಗಿ ಲುಂಗಿಗಳನ್ನು ಆ ಬ್ಯಾಗಿಗೆ ತುಂಬಿಸಿ ಹೊರಗಿಡುವುದೊಂದು ಬಾಕಿ ಎಂದು ನನಗೆ ಖಾತ್ರಿಯಾಯಿತು. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಮಗಳ ಮೇಲೆ ನನಗಿರುವ ಹಕ್ಕನ್ನು ಯಾರೂ ಕಿತ್ತುಕೊಳ್ಳಲಾರರು ಎಂದು ಬಾಯಲ್ಲಿ ಹೇಳಿಕೊಳ್ಳಬಹುದು. ಆದರೆ ಅವಳಿಗೆ ಮೊದಲ ಹಲ್ಲು ಬಂದದ್ದು, ನಡೆಯಲು ಕಲಿತದ್ದು, ಮೊದಲ ಅಕ್ಷರ ಬರೆದದ್ದು, ಯಾವುದನ್ನೂ ನಾನು ಕಂಡವನಲ್ಲ. ಅದನ್ನೆಲ್ಲ ಕಂಡವರು ಮಾಮಿ.

ಅಷ್ಟರಲ್ಲಿ ಪುತ್ತಿಗೆಯಿಂದ ಅಣ್ಣನ ಫೋನು ಬಂತು. ಮೂಡುಬಿದಿರೆಯ ಹತ್ತಿರದ ಪುತ್ತಿಗೆ ನಾನು ಹುಟ್ಟಿದ ಊರು. ಅಣ್ಣ ಮತ್ತು ಅತ್ತಿಗೆ ಅಲ್ಲಿಯೇ ಇದ್ದಾರೆ.

"ಭಾನುವಾರ ಒಮ್ಮೆ ಬಂದು ಹೋಗು. ಮಾತಾಡ್ಲಿಕ್ಕೆ ಉಂಟು" ಅಂದ.

"ಎಂತ ಮಾತು?"

"ಫೋನಿನಲ್ಲಿ ಬೇಡ. ನಿನ್ನ ಮಾಮಿ ಇವಳಿಗೆ ಫೋನ್ ಮಾಡಿದ್ರು."

ಮಾಮಿ ನನ್ನ ಅತ್ತಿಗೆಗೆ ಫೋನು ಮಾಡಿದ್ದಾರೆ! ಹೆಂಗಸರು ಹೆಂಗಸರು ಮಾತಾಡಿಕೊಂಡಿದ್ದಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನಗೊಂದು ಮದುವೆ ಗೊತ್ತು ಮಾಡಿ, ಆ ನೆಪದಲ್ಲಿ ಮನೆಯಿಂದ ಸಾಗಹಾಕುವ ಉಪಾಯ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಬಿ.ಸಿ.ರೋಡಿನಿಂದ ಮೂಡುಬಿದಿರೆಯ ಬಸ್ಸು ಹತ್ತಿ, ಸಿದ್ಧಕಟ್ಟೆ ದಾಟುವವರೆಗೂ ಅಣ್ಣನ ಎದುರು ಹೇಳಬೇಕಾದ ಮಾತುಗಳನ್ನು ಹಲ್ಲು ಕಚ್ಚಿ ಜೋಡಿಸಿದೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು. ನಾನು ಬಹುಶಃ ಗಟ್ಟಿಯಾಗಿಯೇ ಜೋಡಿಸಿದ್ದೆ.

ಅಣ್ಣನ ಮನೆಯಲ್ಲಿ ಅತ್ತಿಗೆ ಶರಬತ್ತಿನ ಗ್ಲಾಸು ಕೊಟ್ಟು, ಕೂರುವ ಮೊದಲೇ ಶುರು ಮಾಡಿದರು.

"ನೀನು ಮಾಡುವುದು ಸರಿಯಾ? ಆ ಹೆಂಗಸು ಫೋನಿನಲ್ಲಿ ಅತ್ತದ್ದು ಕೇಳಿ ನನಗೆ ಎರಡು ದಿನ ಊಟ ಸೇರ್ಲಿಲ್ಲ."

"ನಾನು ಎಂತ ಮಾಡಿದೆ?"

"ಮಗುವನ್ನು ಕರ್ಕೊಂಡು ಬೆಳ್ತಂಗಡಿಯಲ್ಲಿ ರೂಮು ಮಾಡ್ತೇನೆ ಅಂತ ಹೇಳಿ ಕಳ್ಸಿದ್ದೀಯಲ್ಲ? ಇನ್ನು ಈ ಮನೆಗೆ ಬರುವುದಿಲ್ಲ ಅಂತಲೂ ಹೇಳಿದ್ದೀಯಂತೆ."

ನಾನು ಗ್ಲಾಸು ಕೆಳಗಿಟ್ಟೆ. ರೂಮಿನ ಸುದ್ದಿಯನ್ನು ನಾನು ಹೇಳಿದ್ದು ಅಣ್ಣನಿಗೆ ಮಾತ್ರ, ಫೋನಿನಲ್ಲಿ. ಅದೂ ಬೇಡವೆಂದು ಹೇಳಲಿಕ್ಕೆ. ಆಗ ಮಗಳು ಪಕ್ಕದಲ್ಲಿ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು.

ಅತ್ತಿಗೆ ನಿಲ್ಲಿಸಲಿಲ್ಲ. "ಅವರು ಮೂರು ಸಲ ಹೇಳಿ ಕಳ್ಸಿದ್ದಾರೆ. ಮಗುವನ್ನು ನಾನು ನೋಡ್ಕೊಳ್ತೇನೆ, ನೀವು ಧೈರ್ಯದಲ್ಲಿ ಕೆಲಸಕ್ಕೆ ಹೋಗಿ, ಸಂಜೆ ಇಲ್ಲಿಗೇ ಬನ್ನಿ ಅಂತ. ನೀನು ಒಂದಕ್ಕೂ ಉತ್ತರ ಕೊಡ್ಲಿಲ್ಲಂತೆ. ಕಡೆಗೆ ಅವರು, ತಂದೆ ಕರ್ಕೊಂಡು ಹೋಗ್ತೇನೆ ಅಂದ್ರೆ ನಾನು ತಡೆಯುವುದು ಹೇಗೆ ಅಂತ, ಅದರ ಬಟ್ಟೆಯನ್ನೆಲ್ಲ ಹೊಲಿದು ಇಟ್ಟಿದ್ದಾರೆ. ಅಲ್ಲಿ ಹೆಣ್ಣು ದಿಕ್ಕು ಯಾರೂ ಇಲ್ವಲ್ಲ, ತಲೆ ಬಾಚುವವರು ಯಾರು ಅಂತ ಜಡೆ ಹಾಕ್ಲಿಕ್ಕೆ ಕಲಿಸಿದ್ದಾರೆ. ಹೊಸ ಬ್ಯಾಗು ತರ್ಸಿದ್ದಾರೆ. ಕಡೇ ಪಕ್ಷ ವಾರಕ್ಕೊಮ್ಮೆ ಮಗುವನ್ನು ತೋರಿಸ್ಲಿಕ್ಕೆ ಹೇಳು ಅಂತ ನನ್ನ ಹತ್ರ ಬೇಡಿಕೊಂಡ್ರು."

ಅಣ್ಣ ಚಪ್ಪಲಿಯ ಬಾರನ್ನು ನೋಡುತ್ತಾ ಕೂತಿದ್ದ. ನನಗೆ ನಾಚಿಕೆಯಾಯಿತು. ನನ್ನನ್ನು ಓಡಿಸುವ ತಯಾರಿ ಎಂದು ನಾನು ಒಂದೊಂದನ್ನೇ ಕೂಡಿಸಿಟ್ಟದ್ದು, ಆ ಹೆಂಗಸು ತನ್ನ ಕೈಯಿಂದಲೇ ತನ್ನ ಮೊಮ್ಮಗಳನ್ನು ಬಿಟ್ಟುಕೊಡಲು ಮಾಡಿಕೊಂಡ ತಯಾರಿಯಾಗಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಒಬ್ಬೊಬ್ಬರನ್ನೇ ಎಣಿಸಿದೆ. ಯಜಮಾನರನ್ನು ಅನುಮಾನಿಸಿದೆ, ಮ್ಯಾನೇಜರನ್ನು ಅನುಮಾನಿಸಿದೆ, ಮಾಮಿಯನ್ನಂತೂ ಕೇಳಬೇಡಿ. ಒಡಹುಟ್ಟಿದ ಅಣ್ಣನನ್ನೂ ಬಿಡಲಿಲ್ಲ. ನಾಲ್ಕು ವರ್ಷದಿಂದ ಆ ಬಾಗಿಲಿನಿಂದ ಈ ಬಾಗಿಲಿಗೆ ನಮ್ಮ ಮಾತು ಹೊತ್ತವಳನ್ನು ಮಾತ್ರ ಒಂದು ಸಲವೂ ಅನುಮಾನಿಸಲಿಲ್ಲ. ಮೊದಲು ಸಿಟ್ಟು ಬಂತು. ಇಷ್ಟು ಸಣ್ಣ ಪ್ರಾಯದಲ್ಲಿ ಇಷ್ಟು ದೊಡ್ಡ ಸುಳ್ಳು! ಮನೆಗೆ ಹೋದ ಕೂಡಲೇ ಎರಡು ಬಿಗಿಯಬೇಕು ಎಂದುಕೊಂಡೆ. ಸಿದ್ಧಕಟ್ಟೆ ಬರುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಕೆಲಸಕ್ಕೆ ಹೋಗುವುದೋ ಬೇಡವೋ ಎಂದು ನಾನು ಎಲ್ಲರನ್ನೂ ಕೇಳಿದ್ದೆ, ಎಲ್ಲವನ್ನೂ ಅವಳ ಮೂಲಕವೇ ಕೇಳಿದ್ದೆ. ಅವಳನ್ನು ಕೇಳಿರಲಿಲ್ಲ.

ಮನೆ ಮುಟ್ಟುವಾಗ ಐದು ಗಂಟೆ. ಮಗಳು ಜಗಲಿಯ ಮೆಟ್ಟಿಲಲ್ಲಿ ಕೂತು ಪೆನ್ಸಿಲು ಕೆತ್ತುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕೂತೆ.

"ಪುತ್ತಿಗೆಗೆ ಹೋಗಿದ್ದೆ" ಎಂದೆ.

ಅವಳ ಕೈ ನಿಂತಿತು. ನನ್ನ ಮುಖ ನೋಡಿ ಕೂಡಲೇ ತಲೆ ತಗ್ಗಿಸಿದಳು. ಕೇಳುವ ಅಗತ್ಯವೇ ಉಳಿಯಲಿಲ್ಲ. ಆದರೂ ಕೇಳಿದೆ.

"ಅಜ್ಜಿ ಮೊಣಕಾಲು ನೋವು ಅಂತ ಹೇಳಿದ್ದು ಹೌದಾ?"

"ನೋವು ಉಂಟು."

"ನಾನು ಅದನ್ನು ಕೇಳ್ಲಿಲ್ಲ."

"ಆವತ್ತು ಹೇಳ್ಲಿಲ್ಲ" ಅಂದಳು, ಪೆನ್ಸಿಲಿನ ಮೊನೆಗೆ.

"ರೂಮು ಮಾಡ್ತೇನೆ ಅಂತ ನಾನು ಹೇಳಿದ್ದಾ?"

ಅಲ್ಲವೆಂದು ತಲೆ ಅಲ್ಲಾಡಿಸಿದಳು. ನನ್ನ ದನಿ ಏರಿತ್ತು ಎಂದು ಕಾಣುತ್ತದೆ. ಪರದೆಯ ಹಿಂದಿನಿಂದ ಮಾಮಿಯ ದನಿ ಬಂತು. "ಮಗುವನ್ನು ಗದರಿಸ್ಬಾರ್ದು ಅಂತ ನಿನ್ನ ಉಪ್ಪನಿಗೆ ಹೇಳು." ಅಂದರೆ ಅವರು ಅಲ್ಲೇ ನಿಂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅಭ್ಯಾಸಬಲದಿಂದ ನಾನು ಮಗಳು ಹೇಳಲಿ ಎಂದು ಕಾದೆ. ಅವಳು ಹೇಳಲಿಲ್ಲ.

"ನಾನಿನ್ನು ಹೇಳುವುದಿಲ್ಲ" ಅಂದಳು. ಮತ್ತೆ ಒಮ್ಮೆಗೇ ಜೋರಾಗಿ, "ನಾನು ಯಾರದ್ದೂ ಹೇಳುವುದಿಲ್ಲ! ಅಜ್ಜಿ ಹೇಳಿದ್ದನ್ನು ಹೇಳಿದ್ರೆ ಉಪ್ಪ ಹೋಗ್ತಾರೆ. ಅದಕ್ಕೇ ನಾನು ಬೇರೆ ಹೇಳಿದ್ದು. ಅಜ್ಜಿಗೆ ಬೇಜಾರಾದ್ರೆ ಅಜ್ಜಿ ಉಪ್ಪನನ್ನು ನಿಲ್ಲಿಸ್ತಾರೆ ಅಂತ ರೂಮಿನ ಮಾತು ಹೇಳಿದ್ದು. ಅಜ್ಜಿ ನಿಲ್ಲಿಸ್ಲೇ ಇಲ್ಲ. ಬ್ಯಾಗು ತಂದ್ರು" ಎಂದು ಅಳಲು ಶುರುಮಾಡಿದಳು.

ಬಿಗಿಯಬೇಕು ಎಂದುಕೊಂಡು ಬಂದ ಕೈಗಳನ್ನು ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ. ಅವಳ ಅಳು ಸ್ವಲ್ಪ ಇಳಿದ ಮೇಲೆ, ಮೊದಲ ದಿನವೇ ಕೇಳಬೇಕಾಗಿದ್ದನ್ನು ಕೇಳಿದೆ.

"ನಾನು ಕೆಲಸಕ್ಕೆ ಹೋಗುವುದು ನಿನಗೆ ಯಾಕೆ ಬೇಡ? ಎಲ್ಲರ ಅಪ್ಪಂದಿರೂ ಹೋಗ್ತಾರಲ್ಲ. ಸಂಜೆ ಬರ್ತೇನೆ."

"ಉಮ್ಮನೂ ಹಾಗೇ ಹೇಳಿದ್ರು" ಅಂದಳು.

"ಯಾವಾಗ?"

"ಆಸ್ಪತ್ರೆಗೆ ಹೋಗುವಾಗ. ಕಾರಿನಲ್ಲಿ ಕೂತು ಹೇಳಿದ್ರು, ಸಂಜೆ ಬರ್ತೇನೆ ಅಂತ. ನೀವು ಹೋಗುವುದೂ ಆಸ್ಪತ್ರೆಗೇ ಅಲ್ವಾ?"

ನನಗೆ ಆ ಮಾತು ಗೊತ್ತಿರಲಿಲ್ಲ. ಯಾವ ಆಸ್ಪತ್ರೆ, ಯಾವ ಡಾಕ್ಟರು, ಎಷ್ಟು ಗಂಟೆಗೆ ಉಸಿರು ನಿಂತದ್ದು, ಎಲ್ಲವನ್ನೂ ನಾನು ಹತ್ತು ಜನರ ಹತ್ತಿರ ಹತ್ತು ಸಲ ಕೇಳಿದ್ದೆ. ಕಾರು ಹೊರಡುವಾಗ ಅವಳು ಮಗಳಿಗೆ ಏನು ಹೇಳಿದಳು ಎಂದು ಕೇಳಬೇಕೆಂದು ಹೊಳೆದಿರಲಿಲ್ಲ. ಆ ಸಂಜೆಯಿಂದ ಎಷ್ಟು ಸಂಜೆ ಈ ಮೆಟ್ಟಿಲಲ್ಲಿ ಕೂತಿದ್ದಳೋ. ಪರದೆಯ ಹಿಂದೆ ಮಾಮಿ ಮೂಗು ಎಳೆದುಕೊಂಡದ್ದು ಕೇಳಿಸಿತು.

ಬಂದೇ ಬರುತ್ತೇನೆ, ಅಲ್ಲಾಹನ ಆಣೆ, ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಅವಳಿಗೆ ಆಣೆಯನ್ನು ಕೊಟ್ಟು ಪ್ರಯೋಜನವಿಲ್ಲ. ತಾಯಿಯೇನು ಸುಳ್ಳು ಹೇಳಬೇಕೆಂದು ಹೇಳಿದ್ದಳೆ?

"ನಾನು ಬರುವುದು ಏಳೂವರೆಗೆ" ಎಂದೆ. "ಬಸ್ಸು ಕೆಟ್ಟರೆ, ರಸ್ತೆಯಲ್ಲಿ ಲಾರಿ ಅಡ್ಡ ನಿಂತರೆ ಲೇಟಾಗ್ತದೆ. ಲೇಟಾದ್ರೆ ಫೋನ್ ಮಾಡ್ತೇನೆ. ಎಲ್ಲಿದ್ದೇನೆ, ಎಂತ ಆಗಿದೆ, ಇದ್ದದ್ದು ಇದ್ದ ಹಾಗೆ ಹೇಳ್ತೇನೆ."

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ನೊರೆ ಹಚ್ಚಿ ಗುಳ್ಳೆ ಹುಡುಕುವ ನೋಟ. ಅದು ಯಾರಿಂದ ಬಂತೆಂದು ಹೇಳಬೇಕಾಗಿಲ್ಲ.

"ಯಾರಿಗೆ ಫೋನ್ ಮಾಡ್ತೀರಿ? ನನ್ನ ಹತ್ರ ಫೋನಿಲ್ಲ. ಅಜ್ಜಿ ನಿಮ್ಮ ಫೋನ್ ತೆಗೆಯುವುದಿಲ್ಲ."

ಅದು ನಿಜ. ಹನ್ನೆರಡು ವರ್ಷದಲ್ಲಿ ನನ್ನ ಹೆಸರು ಕಂಡ ಒಂದು ಕರೆಯನ್ನೂ ಮಾಮಿ ತೆಗೆದಿರಲಿಲ್ಲ. ಮೊಬೈಲನ್ನು ಕೆಂಡದಂತೆ ಹಿಡಿದು, ರಿಂಗು ನಿಲ್ಲುವವರೆಗೆ ಕಪಾಟಿನ ಮೇಲೆ ಇಟ್ಟುಬಿಡುತ್ತಿದ್ದರು.

ಪರದೆ ಸರಿಯಿತು. ಮಾಮಿ ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡು ಹೊಸ್ತಿಲಿಗೆ ಬಂದು ನಿಂತರು. ಇಷ್ಟು ಕುಳ್ಳಗಿನ ಹೆಂಗಸು ಎಂದು ನನಗೆ ಆಗ ತಿಳಿಯಿತು. ಅವರು ನನ್ನ ಮುಖ ನೋಡಲಿಲ್ಲ, ನನ್ನ ಪಾದ ನೋಡಿದರು. ಆದರೆ ಮಾತಾಡಿದ್ದು ನನ್ನ ಹತ್ತಿರ.

"ನೀವು ಮಾಡಿ" ಅಂದರು. "ನಾನು ತೆಗಿತೇನೆ."

ಅಷ್ಟೇ. ತಿರುಗಿ ಒಳಗೆ ಹೋದರು. ಒಳಗಿನಿಂದ ಪಾತ್ರೆಗಳ ಸದ್ದು ಅಗತ್ಯಕ್ಕಿಂತ ಜೋರಾಗಿ ಬಂತು. ನನಗೆ ಅಳು ಬಂದಿತ್ತು, ಆದರೆ ಮಗಳು ನನ್ನ ಮುಖವನ್ನೇ ನೋಡುತ್ತಿದ್ದ ಕಾರಣ ಕೆಮ್ಮಿದೆ.

"ಹಾಗಾದ್ರೆ ಹೋಗಲಾ?" ಎಂದು ಕೇಳಿದೆ. ಇಲ್ಲ ಎಂದರೆ ಹೋಗುವುದಿಲ್ಲ ಎಂದು ತೀರ್ಮಾನಿಸಿಯೇ ಕೇಳಿದ್ದೆ.

ಅವಳು ಪೆನ್ಸಿಲಿನ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ, ಊದಿ, ಹಾರಿಸಿ, "ಒಂದು ವಾರ ಹೋಗಿ" ಅಂದಳು. ಮ್ಯಾನೇಜರು ಕೊಟ್ಟದ್ದು ಹದಿನೈದು ದಿನದ ಗಡುವು. ಇವಳು ಕೊಟ್ಟದ್ದು ಒಂದು ವಾರದ ಪರೀಕ್ಷೆ.

ಸೋಮವಾರ ಒಪ್ಪಿಗೆ ಹೇಳಿ, ಮುಂದಿನ ಸೋಮವಾರ ಕೆಲಸಕ್ಕೆ ಸೇರಿದೆ. ಮೊದಲ ದಿನ ಬೆಳ್ತಂಗಡಿಯಲ್ಲಿ ಆರಕ್ಕೆ ಸರಿಯಾಗಿ ಕೈ ತೊಳೆದು ಹೊರಟೆ. ಬಸ್ಸು ರಸ್ತೆ ಕೆಲಸದ ಹೊಂಡಗಳಲ್ಲಿ ತೆವಳುತ್ತಾ ಬಂತು. ಒಂದು ಕಡೆ ಕಾಲು ಗಂಟೆ ನಿಂತೇ ಬಿಟ್ಟಿತು. ಫೋನು ತೆಗೆದು ಮನೆಗೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಲಾರಿ ಅಡ್ಡ ಉಂಟು, ಹತ್ತು ನಿಮಿಷ ಲೇಟಾಗ್ತದೆ" ಎಂದೆ.

"ಆಯ್ತು" ಅಂದರು ಮಾಮಿ. ಅವರು ಫೋನು ಇಡಲಿಲ್ಲ, ನಾನೂ ಇಡಲಿಲ್ಲ. "ಜಾಗ್ರತೆ ಬನ್ನಿ" ಅಂದು ಇಟ್ಟರು.

ಏಳೂ ನಲವತ್ತಕ್ಕೆ ಮನೆ ಮುಟ್ಟಿದೆ. ಮಗಳು ಮೆಟ್ಟಿಲಿನಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ಓದುತ್ತಿರಲಿಲ್ಲ, ಬೆಳಕು ಸಾಲುವಂತಿರಲಿಲ್ಲ. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವಳು ಎದ್ದು ಬಂದು ನನ್ನ ಕೈಯಿಂದ ಬುತ್ತಿಯ ಚೀಲ ತೆಗೆದುಕೊಂಡು, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಇವತ್ತು ಬಂದ್ರಿ" ಅಂದಳು. "ನಾಳೆಯದ್ದು ನಾಳೆ ನೋಡುವ."